ಗಂಟನ್ನು ಓದುವವರು

ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಹೆಣ್ಣುಮಗಳೊಬ್ಬಳ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಅದರ ಚೂರು ಪರೀಕ್ಷೆಗೆ ಹೋಯಿತೆನ್ನಿ. ರಿಪೋರ್ಟ್ ಬಂದ ದಿನ ಮನೆಯವರು ಕೇಳುವುದು ಒಂದೇ ಮಾತು: ಕ್ಯಾನ್ಸರ್ ಹೌದಾ, ಅಲ್ಲವಾ? ಹೌದಾದರೆ ಯಾವ ಬಗೆಯದು ಎಂದು ಕೇಳುವವರು ಕಡಿಮೆ. ಚಿಕಿತ್ಸೆ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಅದಕ್ಕೆ ಉತ್ತರ ಹುಡುಕುವವರು ರೋಗಿಯ ಕಣ್ಣಿಗೆ ಬೀಳದ ಪೆಥಾಲಜಿ ವೈದ್ಯರು.

ಸೂಕ್ಷ್ಮದರ್ಶಕದಡಿ ಜೀವಕೋಶಗಳ ರೂಪ, ಅವು ಒಡೆದು ಹೆಚ್ಚುವ ಚುರುಕು ನೋಡಿ ಅವರು 1ರಿಂದ 3ರವರೆಗೆ ಗ್ರೇಡ್ ಕೊಡುತ್ತಾರೆ. ಮುಂದೆ ಇಆರ್, ಪಿಆರ್, ಹರ್‌2 ಎಂಬ ಮೂರು ಪ್ರೋಟೀನುಗಳ ಹುಡುಕಾಟ. ಶೇ. 1ರಷ್ಟು ಕ್ಯಾನ್ಸರ್ ಕೋಶಗಳಲ್ಲಿ ಇಆರ್ ಕಂಡರೂ ಅದು ಪಾಸಿಟಿವ್. ಟಾಮಾಕ್ಸಿಫೆನ್‌ನಂಥ, ಬೆಲೆಯೂ ಕಡಿಮೆಯಿರುವ ಮಾತ್ರೆಯ ದಾರಿ ತೆರೆಯುತ್ತದೆ. ಹರ್‌2 ಅಂಕ 3+ ಇದ್ದರೆ ಟ್ರಾಸ್ಟುಜುಮಾಬ್ ಚುಚ್ಚುಮದ್ದು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ದುಬಾರಿ ಔಷಧಿಯ ಸಮರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಅಂಕ 2+ ಬಂದರೆ ತೀರ್ಮಾನ ಆಗಿಲ್ಲವೆಂದೇ ಅರ್ಥ. ಫಿಶ್ ಎಂಬ ಜೀನ್ ಪರೀಕ್ಷೆ ಆಗಲೇಬೇಕು. ಮೂರೂ ಇಲ್ಲದಿದ್ದರೆ ಕೀಮೋಥೆರಪಿಯೇ ಮುಖ್ಯ ಆಸರೆ.

ಇಷ್ಟೆಲ್ಲ ಸರಿಯಾಗಿ ಕಾಣಬೇಕಾದರೆ ಚೂರು ಕೆಡದೆ ಲ್ಯಾಬ್ ತಲುಪಬೇಕು. ದೇಹದಿಂದ ಹೊರಬಂದ ಒಂದು ಗಂಟೆಯೊಳಗೆ ಅದು ಶೇ. 10ರ ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ ಮುಳುಗಿರಬೇಕು. 6 ಗಂಟೆಗೆ ಕಡಿಮೆಯಿಲ್ಲದೆ, 72 ಗಂಟೆ ಮೀರದಂತೆ ನೆನೆಯಬೇಕು. ದೊಡ್ಡ ಗಡ್ಡೆಯಾದರೆ ದ್ರವ ಒಳಗಿಳಿಯುವಂತೆ ಸೀಳಿರಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಬರೀ ಬಾಟಲಿಯಲ್ಲೋ ಸಲೈನ್‌ನಲ್ಲೋ ಉಳಿದ ಚೂರು ಬೇಗ ಕೊಳೆಯುತ್ತದೆ. ಆಗ ಇದ್ದ ಇಆರ್ ಕೂಡ ಇಲ್ಲವೆಂದು ಕಾಣಬಹುದು, ಗುಣ ಕೊಡಬಹುದಾಗಿದ್ದ ಮಾತ್ರೆ ಆ ತಾಯಿಗೆ ತಪ್ಪಿಹೋಗಬಹುದು. ಫಾರ್ಮಲಿನ್ ಬಾಟಲಿಯನ್ನೇ ಚಿಕಿತ್ಸೆಯ ಮೊದಲ ಔಷಧಿಯೆಂದು ನಾನು ಎಣಿಸುವುದು ಇದಕ್ಕಾಗಿ. ತಾಲ್ಲೂಕಿನ ಸಣ್ಣ ಆಪರೇಷನ್ ಕೋಣೆಯಲ್ಲೂ ಅದು ಸಿದ್ಧವಿರಬೇಕು.

ಪರೀಕ್ಷೆಯ ನಂತರ ಉಳಿದ ಚೂರು ಮೇಣದ ಬ್ಲಾಕ್ ಆಗಿ ವರ್ಷಗಟ್ಟಲೆ ಬಾಳುತ್ತದೆ. ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜಿನಿಂದಾಗಲಿ, ಖಾಸಗಿ ಲ್ಯಾಬಿನಿಂದಾಗಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟವರು ಬ್ಲಾಕ್, ಸ್ಲೈಡುಗಳನ್ನು ಕೇಳಿ ಪಡೆದು ಜೊತೆಗೆ ಒಯ್ಯಿರಿ. ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್‌2 ಮೂರೂ ಬರೆದಿದೆಯೇ ಎಂದು ವೈದ್ಯರನ್ನು ಕೇಳಿ. ಕೇಳಲು ಸಂಕೋಚ ಬೇಡ.