ಫೀಡ್‌ನಲ್ಲಿ ಸೋತವರೆಲ್ಲಿ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಪೊಲೀಸ್ ಸುದ್ದಿಯಲ್ಲಿ ಓಸಿ ಎಂಬ ಅಂಕೆ ಜೂಜು ಹಳತಾಗುವುದೇ ಇಲ್ಲ. ಗೂಡಂಗಡಿ ಪಕ್ಕ ಚೀಟಿ ಬರೆಯುತ್ತಿದ್ದವನ ಮೇಲೆ ದಾಳಿ. ಇಷ್ಟು ನಗದು, ಅಂಕೆ ಬರೆದ ಚೀಟಿ, ಒಂದು ಬಾಲ್‌ಪೆನ್ ವಶ. ಆ ಬಾಲ್‌ಪೆನ್ ಮಾತ್ರ ಪಟ್ಟಿಯಲ್ಲಿ ತಪ್ಪುವುದು ಕಡಿಮೆ. ಈ ಓಸಿ ಕಂಡರೆ ಮೂಗು ಮುರಿಯುವ ಹುಡುಗರೇ ಐಪಿಎಲ್ ಹೊತ್ತಿಗೆ ಮೊಬೈಲಿನಲ್ಲಿ ಬೆಟ್ ಕಟ್ಟುತ್ತಾರೆ, ಅದು ಬೇರೆಯೇ ಬಾಬತ್ತು ಅಂದುಕೊಂಡು. ಹಾಗೆ ಅನ್ನಿಸುವುದಕ್ಕೆ ಆ್ಯಪಿನೊಳಗಿನ ಫೀಡ್‌ನ ಕೈವಾಡ ದೊಡ್ಡದು. ಯಾರು ಯಾವ ತಂಡಕ್ಕೆ ಎಷ್ಟು ಕಟ್ಟಿದರು, ಎಷ್ಟು ಬಾಚಿದರು ಎಂದು ಬೆರಳಿನಡಿ ಸರಿಯುತ್ತಲೇ ಇರುವ ಪಟ್ಟಿ ಅದು.

‘ನೋಡು ಮಾರಾಯ, ಎಲ್ಲರೂ ಗೆಲ್ತಾ ಇದ್ದಾರೆ’ ಎಂಬುದು ಮೊದಲ ನಂಬಿಕೆ. ಗೆದ್ದಾಗ ಟಿಕೆಟ್ ಹಸಿರಾಗಿ, ಅದರ ಕೆಳಗೆ ಹಂಚಿಕೊಳ್ಳುವ ಗುಂಡಿ ಬರುತ್ತದೆ. ಸೋತಾಗ ಆ್ಯಪ್ ತುಟಿಪಿಟಕ್ ಅನ್ನದೆ ಮುಂದಿನ ಪಂದ್ಯವನ್ನು ಎದುರಿಗಿಡುತ್ತದೆ. ಸೋತದ್ದನ್ನು ತಾನಾಗಿ ಊರಿಗೆ ಸಾರುವವರು ಯಾರಿದ್ದಾರೆ? ಪಟ್ಟಿಯನ್ನು ಜೋಡಿಸುವುದೂ ಗೆದ್ದ ಮೊತ್ತದ ಮೇಲೆ, ದೊಡ್ಡದು ಮೇಲಕ್ಕೆ. ಪರವಾನಗಿಯೇ ಇಲ್ಲದೆ ಪರದೇಶದಿಂದ ನಡೆಯುವ ಆ್ಯಪ್‌ನಲ್ಲಿ ‘ಈಗಷ್ಟೇ 40 ಸಾವಿರ ಗೆದ್ದರು’ ಎಂದು ಕಾಣುವ ಹೆಸರು ನಿಜವಾದ ಮನುಷ್ಯನದೇ ಎಂದು ತಾಳೆ ನೋಡುವವರೂ ಇಲ್ಲ. ಗೂಡಂಗಡಿಯಲ್ಲಾದರೆ ಸೋತವನು ಅಲ್ಲೇ ಕಟ್ಟೆಯ ಮೇಲೆ, ಚಹಾದ ಲೆಕ್ಕ ಬರೆಸುತ್ತ ಕೂತಿರುತ್ತಿದ್ದ. ಅವನ ಮುಖ ನೋಡಿಯೇ ನಾಲ್ಕು ಜನ ಹಿಂದೆ ಸರಿಯುತ್ತಿದ್ದರು. ಫೀಡ್ ಕಟ್ಟಿದವರು ಆ ಒಂದು ಮುಖವನ್ನು ತೆಗೆದುಹಾಕಿದ್ದಾರೆ.

ಟಿಪ್ಸ್ ಕೊಡುವವನ ‘ಶೇ. 80 ಗೆಲುವು’ ಇದಕ್ಕಿಂತ ನಾಜೂಕಾದ ಬಲೆ. ಸುಳ್ಳೇ ಇರಬೇಕೆಂದಿಲ್ಲ, ನಿಜವೇ ಇರಬಹುದು. ಗೆಲ್ಲುವ ಕುದುರೆಯ ಮೇಲೇ, ಅಂದರೆ 1.15 ದರ ಇರುವ ತಂಡದ ಮೇಲೇ ಅವನು ನೂರು ಸಲ ನೂರು ನೂರು ರೂಪಾಯಿ ಕಟ್ಟಿದ ಎನ್ನಿ. ಹಾಕಿದ್ದು 10,000. ಎಂಬತ್ತು ಸಲ ಗೆದ್ದು ತಲಾ 115ರಂತೆ ಬಂದದ್ದು 9,200. ಶೇ. 80 ಗೆಲುವು, 800 ರೂಪಾಯಿ ಖೋತಾ. ಫೀಡ್ ಮೊದಲನೆಯದನ್ನು ಅವನ ಹೆಸರಿನ ಪಕ್ಕ ಬ್ಯಾಡ್ಜ್ ಮಾಡಿ ಅಂಟಿಸುತ್ತದೆ, ಎರಡನೆಯದಕ್ಕೆ ಜಾಗವೇ ಇಟ್ಟಿಲ್ಲ. ‘ಸತತ ಹತ್ತು ಸರಿ’ ಎಂಬ ಇನ್ನೊಂದು ಬಿರುದಿನ ಕಥೆಯೂ ಅಷ್ಟೆ. 1,024 ಜನ ಕಣ್ಣು ಮುಚ್ಚಿಕೊಂಡು ಹತ್ತು ಟಾಸ್ ಹೇಳಿದರೆ, ಸರಾಸರಿ ಒಬ್ಬನಿಗೆ ಹತ್ತೂ ಸರಿಬರುತ್ತದೆ. ಮರುದಿನ ಪಟ್ಟಿಯ ತುದಿಯಲ್ಲಿ ಅವನೇ ಇರುತ್ತಾನೆ, ಅವನ ಬೆಟ್ಟನ್ನು ಒಂದೇ ಒತ್ತಿನಲ್ಲಿ ನಕಲು ಮಾಡುವ ಗುಂಡಿಯೂ ಪಕ್ಕದಲ್ಲೇ ಇರುತ್ತದೆ.

‘ಓಸಿಯಲ್ಲಿ ಮೋಸ, ಆ್ಯಪ್‌ನಲ್ಲಿ ದರ ನ್ಯಾಯ’ ಎನ್ನುವವರಿಗೆ ಸಣ್ಣ ಲೆಕ್ಕ. ಓಸಿಯಲ್ಲಿ 00ಯಿಂದ 99ರವರೆಗೆ ನೂರು ಅಂಕೆ. ಒಂದಕ್ಕೆ ಎಂಬತ್ತು ಕೊಟ್ಟರೆ ನೂರರಲ್ಲಿ ಇಪ್ಪತ್ತು ನಡೆಸುವವನಿಗೆ. ಆ್ಯಪ್‌ನಲ್ಲಿ ಸಮಬಲದ ಪಂದ್ಯಕ್ಕೆ ಎರಡೂ ಕಡೆ 1.90 ದರ ಇಟ್ಟರೆ ನೂರರಲ್ಲಿ ಅವರಿಗೆ ಐದು. ಅಲ್ಲಿಗೆ ಆ್ಯಪೇ ವಾಸಿ ಅನ್ನಿಸಬೇಕು. ಆದರೆ ಫೀಡ್‌ನಲ್ಲಿ ಮಿನುಗುವುದು ಒಂಟಿ ಪಂದ್ಯದ ಬೆಟ್ ಅಲ್ಲ, ಐದು ಪಂದ್ಯ ಪೋಣಿಸಿದ್ದು. ಐದೂ ಸರಿಯಾದರೆ ನೂರಕ್ಕೆ 2,476 ರೂಪಾಯಿ. ನೋಡಿದವನ ಬಾಯಲ್ಲಿ ನೀರೂರಬೇಕು. ಐದೂ ಸರಿಬರುವ ಸಾಧ್ಯತೆ ಮೂವತ್ತೆರಡರಲ್ಲಿ ಒಂದು, ಆದ್ದರಿಂದ ನ್ಯಾಯವಾಗಿ ಬರಬೇಕಾದದ್ದು 3,200. ಕೊರತೆ ಶೇ. 22ಕ್ಕೂ ಹೆಚ್ಚು. ಮೂಗು ಮುರಿದ ಓಸಿಯೇ ಅಗ್ಗವಾಯಿತಲ್ಲ!

‘ಆ್ಯಪ್ ಸೇರಲು ಕೋಡ್ ಕೊಟ್ಟವನು ನಮ್ಮೂರವನೇ, ನಮಗೆ ಕೇಡು ಬಯಸ್ತಾನಾ?’ ಬಯಸಬೇಕಾಗಿಲ್ಲ. ಈ ಧಂದೆಯಲ್ಲಿ ಜನ ತಂದುಕೊಟ್ಟವರಿಗೆ, ಆ ಜನ ಕಳೆದುಕೊಂಡದ್ದರಲ್ಲಿ ಪಾಲು ಕೊಡುವ ಪದ್ಧತಿ ಉಂಟು. ನಿಮ್ಮ ಸೋಲು ಅವನ ಸಂಬಳ.

ಇನ್ನು ಕಾನೂನು. ‘ಹೈಕೋರ್ಟ್ 2022ರಲ್ಲೇ ಆನ್‌ಲೈನ್ ಬೆಟ್ಟಿಂಗ್‌ಗೆ ಒಪ್ಪಿಗೆ ಕೊಟ್ಟಿದೆ’ ಎಂಬ ಮಾತು ಅರೆಬರೆ. ಕೌಶಲದ ಆಟಗಳನ್ನೂ ಸೇರಿಸಿ ಹಣ ಪಣಕ್ಕಿಡುವ ಆನ್‌ಲೈನ್ ಆಟವನ್ನು ನಿಷೇಧಿಸಿದ್ದ 2021ರ ರಾಜ್ಯ ತಿದ್ದುಪಡಿಯ ಕಲಮುಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿದ್ದು ನಿಜ. ಅದೃಷ್ಟದ ಮೇಲೆ ಬಾಜಿ ಕಟ್ಟುವುದಕ್ಕೆ ಅದು ಪರವಾನಗಿ ಆಗಿರಲಿಲ್ಲ. ಆಮೇಲೆ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು; 2025ರ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನೇ ಬದಿಗಿಟ್ಟು, ಹಣ ಹೂಡಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದಿದ್ದರೂ ಸಲ್ಲದು ಎಂದಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷ. ಡ್ರೀಮ್ 11 ಅದೇ ತಿಂಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು, ಭಾರತ ತಂಡದ ಜೆರ್ಸಿಯಿಂದಲೂ ಅದರ ಹೆಸರು ಹೋಯಿತು. ಕಾಯ್ದೆಯನ್ನು ಕಂಪನಿಗಳು ಕೋರ್ಟಿನಲ್ಲಿ ಪ್ರಶ್ನಿಸಿವೆ, ಅದು ಬೇರೆ ಮಾತು.

ಆಡಿದವನನ್ನೂ ಈ ಕಾಯ್ದೆ ಜೈಲಿಗೆ ಹಾಕುತ್ತದೆ ಎಂಬ ಭಯವೂ ತಪ್ಪೇ. ಬರೀ ಆಡಿದವನಿಗೆ ಇದರಲ್ಲಿ ಶಿಕ್ಷೆ ಇಟ್ಟಿಲ್ಲ. ಸಿಕ್ಕಿಬೀಳುವುದು ಇನ್ನೊಂದು ಕಡೆ. ತಿಂಗಳಿಗಿಷ್ಟು ಎಂದು ಬ್ಯಾಂಕ್ ಖಾತೆ, ಸಿಮ್, ಎಟಿಎಂ ಕಾರ್ಡನ್ನು ಯಾರದೋ ಕೈಗೆ ಕೊಟ್ಟವನ ಖಾತೆಗೆ ಎಲ್ಲೆಲ್ಲಿಯದೋ ಬೆಟ್ಟಿಂಗ್ ಹಣ ಬಂದು ಬೀಳುತ್ತದೆ. ಯಾವುದೋ ರಾಜ್ಯದಲ್ಲಿ ದೂರು ದಾಖಲಾದರೆ ಮೊದಲು ಸ್ತಂಭನವಾಗುವುದು ಆ ಖಾತೆ, ಮೊದಲು ಪೊಲೀಸರು ಹುಡುಕುವುದು ಅದರ ಮೇಲಿರುವ ಹೆಸರು. ಆಡಿ ಹಣ ಕಳೆದುಕೊಂಡು ಮೋಸ ಹೋದೆ ಅನ್ನಿಸಿದವರು ‘ಹಣ ವಾಪಸ್ ಕೊಡಿಸ್ತೇನೆ’ ಎಂದು ಟೆಲಿಗ್ರಾಂನಲ್ಲಿ ಬರುವವನಿಗೆ ಮತ್ತೆ ಹಣ ಹಾಕದೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.