ಮಾತೆಯ ದರ್ಶನಕ್ಷೇತ್ರಗಳೂ ರಾಯಚೂರು ಸೀಮೆಯ ಯಾತ್ರಿಕರೂ

ಯೇಸುಕ್ರಿಸ್ತನ ತಾಯಿ ಮರಿಯಮ್ಮನು ಪ್ರತ್ಯಕ್ಷಳಾದಳೆಂಬ ನಂಬಿಕೆಯಿಂದ ಪ್ರಸಿದ್ಧವಾದ ಸ್ಥಳಗಳಿಗೆ ಕಥೋಲಿಕರು ಯಾತ್ರೆ ಹೋಗುವುದು ಲೋಕವಿದಿತ. ಈ ಯಾತ್ರೆಯನ್ನು ಕುರಿತ ವಿವೇಚನೆಗಳು ಬಹುಮಟ್ಟಿಗೆ ದರ್ಶನವಾದ ಸ್ಥಳವನ್ನೇ ಕೇಂದ್ರವಾಗಿರಿಸಿಕೊಳ್ಳುತ್ತವೆ. ಯಾತ್ರಿಕನು ಎಲ್ಲಿಂದ ಹೊರಡುತ್ತಾನೆ, ಅವನಿಗೆ ಎಟುಕುವ ಕ್ಷೇತ್ರ ಯಾವುದು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳ ಕಡೆಯಿಂದ ನೋಡಿದರೆ ಈ ವಿಷಯವು ಹೇಗೆ ಕಾಣುವುದೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಿದೆ.

ಈ ಸೀಮೆಗೆ ಕಥೋಲಿಕ ಧರ್ಮವು ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕ್ರೈಸ್ತ ಸಮುದಾಯದ ಮೂಲವನ್ನು 16ನೆಯ ಶತಮಾನದ ಆದಿಲಶಾಹಿ ಆಳಿಕೆಯ ಕಾಲಕ್ಕೆ ಒಯ್ಯುವ ಪರಂಪರೆಯುಂಟು. ರಾಯಚೂರು ಜಿಲ್ಲೆಯು ಇಂದು, 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದೆ. ಮಾನ್ವಿಯಲ್ಲಿ ಯೇಸುಸಭೆಯವರ ವಿದ್ಯಾಸಂಸ್ಥೆಗಳಿವೆ.

ಮಾತೆಯ ಯಾತ್ರಾಸ್ಥಳಗಳನ್ನು ವಿಷಯದ ಸ್ಪಷ್ಟತೆಗಾಗಿ ಮೂರು ವಿಧವಾಗಿ ವಿಂಗಡಿಸಬಹುದು. ಮೊದಲನೆಯವು ದರ್ಶನವಾಯಿತೆಂದು ಹೇಳುವ ಸ್ಥಳಗಳು. ಫ್ರಾನ್ಸಿನ ಲೂರ್ದ್ ಗ್ರಾಮದ ಗವಿಯೊಂದರ ಬಳಿ ಬೆರ್ನದೆತ್ ಎಂಬ ಬಾಲಿಕೆಗೆ 1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ 18 ಸಲ ದರ್ಶನವಾಯಿತೆಂದು ಹೇಳಲಾಗಿದೆ. ನಮ್ಮ ದೇಶದಲ್ಲಿ ಇಂಥ ಪ್ರಸಿದ್ಧಿ ತಮಿಳುನಾಡಿನ ವೇಲಾಂಕಣ್ಣಿಗೆ ಸಂದಿದೆ. ಹಾಲು ಒಯ್ಯುತ್ತಿದ್ದ ಹುಡುಗ, ಮಜ್ಜಿಗೆ ಮಾರುತ್ತಿದ್ದ ಕುಂಟ ಬಾಲಕ, ಬಿರುಗಾಳಿಗೆ ಸಿಲುಕಿದ ಪೋರ್ಚುಗೀಸ್ ನಾವಿಕರು, ಹೀಗೆ ಮೂರು ಪ್ರಸಂಗಗಳನ್ನು ಅಲ್ಲಿಯ ಪರಂಪರೆ ಹೇಳುತ್ತದೆ. 1962ರಲ್ಲಿ ಆ ದೇವಾಲಯವು ಬೆಸಿಲಿಕಾ ಎಂಬ ಗೌರವವನ್ನು ಪಡೆಯಿತು.

ಎರಡನೆಯವು ಮೂಲಸ್ಥಳದ ಪ್ರತಿರೂಪಗಳು. ವಿಜಯವಾಡದ ಗುಣದಲದಲ್ಲಿ 1924ರಲ್ಲಿ ಲೂರ್ದ್ ಮಾತೆಯ ಪ್ರತಿಮೆಯನ್ನು ಗುಡ್ಡದ ಮೇಲೆ ಸ್ಥಾಪಿಸಿದರು. ಅಲ್ಲಿಯ ಉತ್ಸವವು ಫೆಬ್ರವರಿ 11ರ ಹೊತ್ತಿಗೇ ನಡೆಯುತ್ತದೆ. ದೂರದ ಲೂರ್ದಿನಿಂದ ಪ್ರತಿಮೆಯ ರೂಪದೊಡನೆ ತಿಥಿಯೂ ಬಂದಿತು. ಮೂರನೆಯವು ಒಂದೇ ಹೆಸರಿನ ಮಾತೆಯನ್ನು ಆರಾಧಿಸುವ ಸ್ಥಳಗಳು. ವೇಲಾಂಕಣ್ಣಿಯಲ್ಲಿರುವಂತೆ ಹರಿಹರದಲ್ಲಿಯೂ ಆಕೆ ಆರೋಗ್ಯಮಾತೆ. ಎರಡು ಕಡೆಯೂ ಹಬ್ಬವು ಸೆಪ್ಟೆಂಬರ್ 8ರಂದು. ಹರಿಹರದ ದೇವಾಲಯವು 2019ರಲ್ಲಿ ಬೆಸಿಲಿಕಾ ಆಯಿತು. ಅದರ ಊರನ್ನು ಮುಟ್ಟಿ ಹರಿಯುವ ತುಂಗಭದ್ರೆಯೇ ಮುಂದೆ ರಾಯಚೂರು ಜಿಲ್ಲೆಯ ದಕ್ಷಿಣದ ಗಡಿಯಾಗುತ್ತದೆ.

ಈ ಮೂರರಲ್ಲಿ ಆಯ್ಕೆಯನ್ನು ಭಕ್ತಿಯೊಂದೇ ನಿರ್ಣಯಿಸುವುದಿಲ್ಲ. 1871ರಲ್ಲಿ ಮುಂಬಯಿ, ಮದರಾಸುಗಳ ಕಡೆಯ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಗುಂತಕಲ್ಲು ಸೇರಿದರೆ ಪೂರ್ವಕ್ಕೆ ವಿಜಯವಾಡ, ಪಶ್ಚಿಮಕ್ಕೆ ಬಳ್ಳಾರಿ, ಹುಬ್ಬಳ್ಳಿಗಳ ಮೂಲಕ ಹರಿಹರ, ಆಗ್ನೇಯಕ್ಕೆ ಚೆನ್ನೈ, ಹೀಗೆ ಮಾರ್ಗಗಳು ಕವಲೊಡೆಯುತ್ತವೆ. ದಿನಗೂಲಿಯಿಂದ ಬದುಕುವವನಿಗೆ ಪ್ರಯಾಣದ ವೆಚ್ಚದಷ್ಟೇ ಕಳೆದುಹೋಗುವ ಕೂಲಿಯೂ ಭಾರವಾದುದು. ಸೆಪ್ಟೆಂಬರಿನ ಹಬ್ಬವು ಮುಂಗಾರು ಪೈರಿನ ಕೆಲಸದ ನಡುವೆಯೂ, ಫೆಬ್ರವರಿಯ ಉತ್ಸವವು ಹಿಂಗಾರಿ ಜೋಳದ ಕೊಯ್ಲಿನ ಸುಮಾರಿಗೂ ಬರುತ್ತದೆ. ಆದುದರಿಂದ ಸಮೀಪದ ಕ್ಷೇತ್ರಗಳನ್ನು ಮೂಲದ ಕೇವಲ ಅನುಕರಣವೆಂದು ಕಡೆಗಣಿಸುವುದು ಸರಿಯಲ್ಲ. ದೂರ ಹೋಗಲಾರದವರ ಹರಕೆಯು ಸಲ್ಲುವುದು ಅಲ್ಲಿಯೇ.

ದರ್ಶನದ ಸತ್ಯಾಸತ್ಯತೆಯ ವಿಷಯದಲ್ಲಿ ಧರ್ಮಸಭೆಯೇ ಸಂಯಮವನ್ನು ತೋರುತ್ತದೆ. ಇಂಥ ದರ್ಶನಗಳನ್ನು ನಂಬಲೇಬೇಕೆಂಬ ಕಟ್ಟಳೆ ಕಥೋಲಿಕರಿಗಿಲ್ಲ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಪ್ರಕಟಿಸಿದ ನಿಯಮಗಳಂತೆ, ದರ್ಶನವು ದೈವಿಕವೆಂದು ಸಾರುವುದಕ್ಕೆ ಬದಲಾಗಿ, ಭಕ್ತಿಗೆ ಅಡ್ಡಿಯಿಲ್ಲವೆಂದು ಹೇಳುವುದೇ ಸಾಮಾನ್ಯ ಕ್ರಮ. ಸಂಶೋಧಕನಿಗೂ ಇದೇ ಸಂಯಮವು ಉಚಿತ. ದರ್ಶನವನ್ನು ಸಮರ್ಥಿಸುವುದಾಗಲಿ ಹಾಸ್ಯಮಾಡುವುದಾಗಲಿ ಅವನ ಕಾರ್ಯವಲ್ಲ.

ಅವನ ಕಾರ್ಯ ಬೇರೊಂದುಂಟು. 1950ರ ಪರಿಶಿಷ್ಟ ಜಾತಿಗಳ ಆದೇಶವು ಕ್ರೈಸ್ತರಾದ ದಲಿತರನ್ನು ಆ ವರ್ಗಕ್ಕೆ ಸೇರಿಸುವುದಿಲ್ಲ. ಇಂಥ ಸ್ಥಿತಿಯಲ್ಲಿ ಸರ್ಕಾರಿ ದಾಖಲೆಯಲ್ಲಿ ಬರೆಸಿದ ಧರ್ಮವೂ, ವ್ಯಕ್ತಿಯು ಹರಕೆ ತೀರಿಸುವ ದೇವಾಲಯವೂ ಒಂದೇ ಧರ್ಮಕ್ಕೆ ಸೇರಿರಬೇಕೆಂದು ಊಹಿಸಲಾಗದು. ಮೇಲಾಗಿ ಈ ಕ್ಷೇತ್ರಗಳಿಗೆ ಅನ್ಯಮತೀಯರೂ ಬರುತ್ತಾರೆ. ವೇಲಾಂಕಣ್ಣಿಯಲ್ಲಿ ಮುಡಿ ಕೊಡುವ ಪದ್ಧತಿಯೂ ಇದೆ. ಜನಗಣತಿಯ ಅಂಕಿಗಳಿಂದ ಮಾತ್ರ ಯಾತ್ರಿಕರನ್ನು ಎಣಿಸಹೊರಟರೆ ಅನೇಕರು ಲೆಕ್ಕದ ಹೊರಗೆ ಉಳಿಯುವರು. ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿ ಯಾವ ಹರಕೆಗಾಗಿ, ಯಾವ ತಿಂಗಳಲ್ಲಿ, ಯಾರ ಸಂಗಡ, ಎಷ್ಟು ಸಾಲಮಾಡಿ ಹೋದರೆಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿಯೇ ಕೈಗೊಳ್ಳಬಹುದಾದ ಕೆಲಸವಿದು. ಆ ಹಿರಿಯರು ಇರುವಾಗಲೇ ಇದು ಆಗಬೇಕು.