ಮಾದರಿ ರೈಲಿನ ಡಿಜಿಟಲ್ ನಿಯಂತ್ರಣ: ಹಳಿಯಿಂದ ಕೈಯವರೆಗೆ

ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ, ಕ್ಲಬ್ಬುಗಳಲ್ಲಿ ಮಾದರಿ ರೈಲು ಓಡಿಸುವ ಹವ್ಯಾಸವು ಆಟಿಕೆಯ ಹಂತವನ್ನು ದಾಟಿ ಬಹುಕಾಲವಾಗಿದೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯ ಮಾದರಿಯು ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನಷ್ಟಿದ್ದು, ಅದರ ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಹಳೆಯ ಪದ್ಧತಿಯಲ್ಲಿ ಈ ಹಳಿಗಳಿಗೆ ಸುಮಾರು 12 ವೋಲ್ಟ್‌ವರೆಗಿನ ಡಿ.ಸಿ. ವಿದ್ಯುತ್ತನ್ನು ಕೊಟ್ಟು, ವೋಲ್ಟೇಜನ್ನು ಏರಿಸಿ ಇಳಿಸಿ ವೇಗವನ್ನೂ, ಧ್ರುವಗಳನ್ನು ಅದಲುಬದಲು ಮಾಡಿ ದಿಕ್ಕನ್ನೂ ನಿಯಂತ್ರಿಸಲಾಗುತ್ತಿತ್ತು. ಒಂದೇ ಹಳಿಯ ಮೇಲೆ ನಿಂತ ಎರಡು ಎಂಜಿನ್‌ಗಳು ಒಟ್ಟಿಗೇ ಹೊರಟು ಒಟ್ಟಿಗೇ ನಿಲ್ಲುತ್ತಿದ್ದುದರಿಂದ, ಅವನ್ನು ಪ್ರತ್ಯೇಕವಾಗಿ ಓಡಿಸಲು ಹಳಿಯನ್ನು ವಿದ್ಯುತ್ತಿನ ದೃಷ್ಟಿಯಿಂದ ತುಂಡುತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಸ್ವಿಚ್ಚು ಅಳವಡಿಸಬೇಕಾಗುತ್ತಿತ್ತು; ಓಡಿಸುವವರ ಗಮನವೆಲ್ಲ ರೈಲನ್ನು ಬಿಟ್ಟು ಸ್ವಿಚ್ಚುಗಳ ಹಲಗೆಯ ಮೇಲೆಯೇ ನಿಲ್ಲುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಡಿಜಿಟಲ್ ಕಮಾಂಡ್ ಕಂಟ್ರೋಲ್, ಅಂದರೆ ಡಿಸಿಸಿ. ಜರ್ಮನಿಯ ಲೆನ್ಜ್ ಸಂಸ್ಥೆಯ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು, 1935ರಲ್ಲಿ ಸ್ಥಾಪನೆಯಾದ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದ ಮೊದಲ ಭಾಗದಲ್ಲಿ ಇದರ ಮಾನಕವನ್ನು ರೂಪಿಸಿತು. ಈ ಪದ್ಧತಿಯಲ್ಲಿ ಹಳಿಯ ಮೇಲೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ, ಅದರ ಧ್ರುವ ಮಾತ್ರ ಅತಿ ವೇಗವಾಗಿ ಬದಲಾಗುತ್ತಿರುತ್ತದೆ. ಪ್ರತಿ ಬದಲಾವಣೆಯ ನಡುವೆ 58 ಮೈಕ್ರೊಸೆಕೆಂಡ್‌ನಷ್ಟು ಕಾಲ ಕಳೆದರೆ ಅದು ‘ಒಂದು’, 100 ಮೈಕ್ರೊಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ‘ಸೊನ್ನೆ’. ಈ ಒಂದು-ಸೊನ್ನೆಗಳ ಸಾಲಿನಲ್ಲಿ ಮೊದಲು ಎಂಜಿನ್ನಿನ ವಿಳಾಸಸಂಖ್ಯೆಯೂ ಬಳಿಕ ಅದು ಪಾಲಿಸಬೇಕಾದ ಆಜ್ಞೆಯೂ ಬರುತ್ತವೆ. ಎಂಜಿನ್ನಿನ ಹೊಟ್ಟೆಯಲ್ಲಿ ಕೂತ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟು ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನಷ್ಟೇ ಆಯ್ದುಕೊಂಡು ಮೋಟಾರು, ದೀಪ ಮತ್ತು ಶಬ್ದಗಳನ್ನು ನಡೆಸುತ್ತದೆ. ಆಜ್ಞೆಗಳನ್ನು ರೂಪಿಸುವ ಪೆಟ್ಟಿಗೆಗೆ ಕಮಾಂಡ್ ಸ್ಟೇಷನ್ ಎಂದೂ, ಅವಕ್ಕೆ ವಿದ್ಯುತ್ತಿನ ಬಲ ತುಂಬಿ ಹಳಿಗೆ ಕಳಿಸುವ ಭಾಗಕ್ಕೆ ಬೂಸ್ಟರ್ ಎಂದೂ, ಓಡಿಸುವವರ ಕೈಯಲ್ಲಿರುವ ಸಾಧನಕ್ಕೆ ಥ್ರಾಟಲ್ ಎಂದೂ ಹೆಸರು.

ಕೊಳ್ಳುವವರು ಮೊದಲು ಅರಿಯಬೇಕಾದದ್ದು ಈ ಮಾನಕದ ಎಲ್ಲೆಯನ್ನು. ಮಾನಕವು ಮುಖ್ಯವಾಗಿ ಕಟ್ಟಿಹಾಕಿರುವುದು ಹಳಿ ಮತ್ತು ಡಿಕೋಡರ್ ನಡುವಿನ ಭಾಷೆಯನ್ನು. ಆದ್ದರಿಂದ ಯಾವ ಸಂಸ್ಥೆಯ ಡಿಸಿಸಿ ಡಿಕೋಡರ್ ಇರುವ ಎಂಜಿನ್ ಆದರೂ ಯಾವ ಸಂಸ್ಥೆಯ ಡಿಸಿಸಿ ಕಮಾಂಡ್ ಸ್ಟೇಷನ್ನಿನಿಂದಲೂ ಓಡುತ್ತದೆ. ಆದರೆ ಥ್ರಾಟಲ್ಲಿನಿಂದ ಕಮಾಂಡ್ ಸ್ಟೇಷನ್‌ವರೆಗಿನ ದಾರಿ ಸಂಸ್ಥೆಗೊಂದು ಬಗೆಯಾಗಿದೆ: ಡಿಜಿಟ್ರ್ಯಾಕ್ಸ್‌ನದು ಲೋಕೋನೆಟ್, ಲೆನ್ಜ್‌ನದು ಎಕ್ಸ್‌ಪ್ರೆಸ್‌ನೆಟ್, ಎನ್‌ಸಿಇ ಸಂಸ್ಥೆಯದು ಮತ್ತೊಂದು. ಒಮ್ಮೆ ಒಂದನ್ನು ಆರಿಸಿಕೊಂಡವರು ಮುಂದೆ ಕೊಳ್ಳುವ ಥ್ರಾಟಲ್‌ಗಳೂ ಬಹುಮಟ್ಟಿಗೆ ಅದೇ ಕುಟುಂಬದವಾಗಿರಬೇಕಾಗುತ್ತದೆ. ಹೀಗಾಗಿ ಪೆಟ್ಟಿಗೆಯ ಆಂಪಿಯರ್ ಲೆಕ್ಕದಿಂದ ಆಯ್ಕೆ ಆರಂಭಿಸುವುದಕ್ಕಿಂತ ಕೈಯಲ್ಲಿ ಹಿಡಿಯುವ ಥ್ರಾಟಲ್ಲಿನಿಂದ ಹಿಂದಕ್ಕೆ ಹೋಗುವುದು ಸರಿಯಾದ ಕ್ರಮ. ಹತ್ತಿರದ ಕ್ಲಬ್ಬಿನವರು ಬಳಸುವ ವ್ಯವಸ್ಥೆಯನ್ನೇ ಕೊಂಡರೆ ಥ್ರಾಟಲ್ ಎರವಲು ಪಡೆಯಲೂ, ತೊಂದರೆಯಾದಾಗ ಕೇಳಿ ತಿಳಿಯಲೂ ಅನುಕೂಲ, ಮತ್ತು ಈ ಅನುಕೂಲವು ಜಾಹೀರಾತಿನಲ್ಲಿ ಹೇಳುವ ಎಷ್ಟೋ ಸೌಲಭ್ಯಗಳಿಗಿಂತ ದೊಡ್ಡದು.

ಗೋಡೆಯುದ್ದಕ್ಕೂ ಹಬ್ಬಿದ ಹಳಿಗಳ ಮೇಲೆ ಓಡುವ ರೈಲಿನ ಜೊತೆಜೊತೆಗೇ ನಡೆಯುವುದು ಇಂದಿನ ರೂಢಿಯಾದ್ದರಿಂದ ತಂತಿಯಿಲ್ಲದ ಥ್ರಾಟಲ್‌ಗೆ ಬೇಡಿಕೆ ಹೆಚ್ಚು. ಇನ್‌ಫ್ರಾರೆಡ್ ಕಿರಣ ಬಳಸುವ ಬಗೆಯಲ್ಲಿ ಥ್ರಾಟಲ್ ಮತ್ತು ಗ್ರಾಹಕದ ನಡುವೆ ಮನುಷ್ಯ ಅಡ್ಡ ನಿಂತರೂ ಸಂಪರ್ಕ ತಪ್ಪಬಹುದು. ರೇಡಿಯೊ ಅಲೆಯ ಬಗೆಗೆ ಆ ಅಡ್ಡಿ ಕಡಿಮೆ. ಆದರೆ ಯಾವ ಆವರ್ತನ ಬಳಸಬಹುದೆಂಬುದು ದೇಶದ ಕಾನೂನಿಗೆ ಸೇರಿದ ವಿಷಯ. ಅಮೆರಿಕದಲ್ಲಿ ಮಾರುವ ಕೆಲವು ಥ್ರಾಟಲ್‌ಗಳು 900 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಅಂಥದ್ದನ್ನು ಭಾರತಕ್ಕೆ ತರಲು ಬಯಸುವವರು ಇಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 2.4 ಗಿಗಾಹರ್ಟ್ಸ್‌ನ ಸಾಧನವನ್ನೋ ವೈಫೈಯನ್ನೋ ಆರಿಸಿಕೊಳ್ಳುವುದು ಲೇಸು. ವೈಫೈ ಮಾರ್ಗದಲ್ಲಿ ಖರ್ಚೂ ಕಡಿಮೆ: ಜೆಎಂಆರ್‌ಐ ಎಂಬ ಮುಕ್ತ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಹಾಕಿ ಕಮಾಂಡ್ ಸ್ಟೇಷನ್ನಿಗೆ ಜೋಡಿಸಿದರೆ, ಎಂಜಿನ್ ಡ್ರೈವರ್ ಎಂಬ ಆ್ಯಪ್ ಇರುವ ಆಂಡ್ರಾಯ್ಡ್ ಫೋನೇ ಥ್ರಾಟಲ್ ಆಗುತ್ತದೆ, ಆರ್ಡುಯಿನೊ ಬೋರ್ಡಿನ ಮೇಲೆ ಡಿಸಿಸಿ-ಇಎಕ್ಸ್ ಎಂಬ ಮುಕ್ತ ವಿನ್ಯಾಸದಿಂದ ಕಮಾಂಡ್ ಸ್ಟೇಷನ್ನನ್ನೇ ಕಟ್ಟಿಕೊಳ್ಳಬಹುದು. ಇಷ್ಟಾದರೂ ಶಂಟಿಂಗ್‌ನಂತಹ ನಿಧಾನದ ಕೆಲಸದಲ್ಲಿ ಕಣ್ಣು ಬೋಗಿಯ ಮೇಲಿರಬೇಕು, ಬೆರಳಿಗೆ ತಿರುಗುಗುಂಡಿ ತಾನಾಗಿ ಸಿಗಬೇಕು. ನುಣುಪಾದ ಗಾಜಿನ ಪರದೆ ಈ ಸುಖವನ್ನು ಕೊಡಲಾರದು.

ಥ್ರಾಟಲ್ಲಿನ ಬ್ಯಾಟರಿ ಮುಗಿದರೆ ರೈಲು ತಾನಾಗಿ ನಿಲ್ಲುತ್ತದೆಂದು ಹೊಸಬರು ಭಾವಿಸುವುದುಂಟು. ಆದರೆ ಅನೇಕ ವ್ಯವಸ್ಥೆಗಳಲ್ಲಿ ಕಮಾಂಡ್ ಸ್ಟೇಷನ್ ಕೊನೆಯ ಆಜ್ಞೆಯನ್ನೇ ಮತ್ತೆ ಮತ್ತೆ ಕಳಿಸುತ್ತಿರುವುದರಿಂದ ರೈಲು ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಆದ್ದರಿಂದ ಸಂಪರ್ಕ ತಪ್ಪಿದಾಗ ಏನಾಗುತ್ತದೆ, ತುರ್ತು ನಿಲುಗಡೆಯ ಗುಂಡಿ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಅಂಗಡಿಯಲ್ಲೇ ಕೇಳಬೇಕು.

ವಿದ್ಯುತ್ತಿನ ವಿಷಯ ಇದಕ್ಕಿಂತ ಸರಳ. ಸುಮಾರು 2 ಆಂಪಿಯರ್‌ನ ಆರಂಭಿಕ ಸೆಟ್ ಒಂದು ಕೋಣೆಯ ಮೂರು-ನಾಲ್ಕು ಎಚ್‌ಒ ರೈಲುಗಳಿಗೆ ಸಾಕು, ಹಳಿಗಳ ದೊಡ್ಡ ಜೋಡಣೆಗೆ, ಅಂದರೆ ದೊಡ್ಡ ಲೇಔಟಿಗೆ, 5 ಆಂಪಿಯರ್‌ನದು ಬೇಕು. ಹಳಿಯ ಕೆಳಗೆ ದಪ್ಪ ತಂತಿ ಹಾಯಿಸಿ, ಅಲ್ಲಲ್ಲಿ ಹಳಿಗೆ ಬೆಸೆದ ಬಳಿಕ, ಲೇಔಟಿನ ಪ್ರತಿ ಭಾಗದಲ್ಲೂ ಎರಡು ಹಳಿಗಳ ಮೇಲೆ ಲೋಹದ ನಾಣ್ಯವೊಂದನ್ನು ಅಡ್ಡಲಾಗಿ ಇಟ್ಟು ನೋಡಬೇಕು. ಬೂಸ್ಟರ್ ತಕ್ಷಣ ವಿದ್ಯುತ್ ಕಡಿದರೆ ತಂತಿಯ ಕೆಲಸ ಸರಿಯಾಗಿದೆ, ಕಡಿಯದಿದ್ದರೆ ಆ ಭಾಗದ ತಂತಿಯನ್ನು ಸರಿಪಡಿಸುವವರೆಗೆ ಅಲ್ಲಿ ಎಂಜಿನ್ ಇಡಬಾರದು.